ಬಂದರಿನಲ್ಲಿ ಉಳಿದ ಅಕ್ಕ

ತೊಂಬತ್ತರ ದಶಕದ ನಡುವಿನಲ್ಲಿ ನಾವು ಟೊರಾಂಟೋದ ರೆಕ್ಸ್‌ಡೇಲಿನ ಅಪಾರ್ಟ್‌ಮೆಂಟು ಬಿಟ್ಟು ಊರ ಹೊರಗಿನ ಸ್ಟೌಫ್‌ವಿಲ್‌ನ ಅಂಚಿನಲ್ಲಿದ್ದ ಒಂದು ಹಳೆಯ ಫಾರ್ಮ್‌ಹೌಸಿನ ಮಹಡಿಗೆ ಬಾಡಿಗೆಗೆ ಬಂದೆವು. ನನ್ನ ಗಂಡನ ಕೆಲಸ ವಾನ್‌ನ ಕಾರ್ಖಾನೆಯೊಂದರಲ್ಲಿ, ನನ್ನದು ಯೂನಿಯನ್ ಸ್ಟೇಷನ್ನಿನ ಪಕ್ಕದ ಆಫೀಸಿನಲ್ಲಿ. ಇಬ್ಬರಿಗೂ ದೂರವಾಯಿತು. ಆದರೂ ಮಗಳಿಗೆ ಓಡಾಡಲು ಅಂಗಳ ಬೇಕು ಎಂದು ಗಂಡ ಹಟ ಹಿಡಿದಿದ್ದರು. ಧಾರವಾಡದಲ್ಲಿ ಬೆಳೆದ ನಮಗಿಬ್ಬರಿಗೂ ಲಿಫ್ಟಿನಲ್ಲಿ ಇಳಿದು ಮಣ್ಣು ಮುಟ್ಟುವುದು ಅಭ್ಯಾಸವಾಗಿರಲಿಲ್ಲ.

ಕೆಳಗಡೆ ಮನೆಯೊಡತಿ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ, ಎತ್ತರದ, ನೆಟ್ಟಗೆ ನಡೆಯುವ ಹೆಂಗಸು. ಗಂಡ ತೀರಿಕೊಂಡಿದ್ದರು. ಹೊಲವನ್ನು ಪಕ್ಕದವನಿಗೆ ಮೆಕ್ಕೆಜೋಳ ಬೆಳೆಯಲು ಕೊಟ್ಟಿದ್ದರು, ಹಿತ್ತಲಿನ ತರಕಾರಿ ಮಡಿಗಳನ್ನು ಮಾತ್ರ ತಾವೇ ನೋಡಿಕೊಳ್ಳುತ್ತಿದ್ದರು. ಮಗಳು ಶಾಲೆಗೆ ಸೇರಿದ ಮೇಲೆ, ನನ್ನ ಟ್ರೇನು ಬರುವವರೆಗೆ ಅವಳು ಅವರ ಅಡುಗೆಮನೆಯಲ್ಲೇ ಇರುತ್ತಿದ್ದಳು. ಅವಳು ಅವರನ್ನು ಗ್ರ್ಯಾಂಡ್ಮಾ ಎಂದು ಕರೆದಳು. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ, ಹಾಗಾಗಿ ನಾನೂ ಗ್ರ್ಯಾಂಡ್ಮಾ ಎಂದೇ ಕರೆದೆ. ಮನೆಯಲ್ಲಿ ನಮ್ಮ ನಮ್ಮಲ್ಲಿ ಅವರು 'ಕೆಳಗಿನ ಅಜ್ಜಿ'.

ಬಟ್ಟೆ ಒಗೆಯುವ ಮಷೀನು ಇಡೀ ಮನೆಗೆ ಒಂದೇ, ಬೇಸ್‌ಮೆಂಟಿನಲ್ಲಿ. ಶನಿವಾರ ನಾನು ಬಟ್ಟೆ ಬುಟ್ಟಿ ಹಿಡಿದು ಇಳಿದರೆ ಅಜ್ಜಿ ಅಲ್ಲಿರುತ್ತಿದ್ದರು. ದೊಡ್ಡ ಚಾದರಗಳನ್ನು ಮಡಿಸಲು ಇಬ್ಬರು ಬೇಕು. ಆ ಕಡೆ ಎರಡು ಮೂಲೆ ಅವರು, ಈ ಕಡೆ ಎರಡು ಮೂಲೆ ನಾನು. ನಮ್ಮ ಸ್ನೇಹ ಬೆಳೆದದ್ದು ಹಾಗೆ.

ಅಂಥ ಒಂದು ಶನಿವಾರ ನಾನು ಮಷೀನಿನ ಮುಂದೆ ನಿಂತು ಅಳುತ್ತಿದ್ದೆ. ಬೆಳಗ್ಗೆ ಧಾರವಾಡದಿಂದ ಅಣ್ಣನ ಫೋನು ಬಂದಿತ್ತು. ಅವ್ವನನ್ನು ಇಲ್ಲಿಯೇ ನೆಲೆಸಲು ಕರೆಸಿಕೊಳ್ಳಬೇಕೆಂದು ನಾವು ಅರ್ಜಿ ಹಾಕಿದ್ದೆವು. ಬೆಂಗಳೂರಿನಲ್ಲಿ ಅವಳ ವೈದ್ಯಕೀಯ ತಪಾಸಣೆಯಾಗಿ, ಎಕ್ಸ್‌ರೇಯಲ್ಲಿ ಪುಪ್ಪುಸದ ಮೇಲೊಂದು ಕಲೆ ಕಾಣಿಸಿತ್ತು. ಅವ್ವನಿಗೆ ಚಿಕ್ಕ ವಯಸ್ಸಿನಲ್ಲಿ ಕ್ಷಯ ಬಂದು ವಾಸಿಯಾಗಿತ್ತು, ಇದು ಅದರ ಗುರುತು. ಆದರೆ ಕೆಲವು ತಿಂಗಳು ಬಿಟ್ಟು ಮತ್ತೊಂದು ಎಕ್ಸ್‌ರೇ ತೆಗೆಯಬೇಕು, ಅಲ್ಲಿಯತನಕ ಏನೂ ಹೇಳಲು ಬರುವುದಿಲ್ಲ ಎಂದಿದ್ದರಂತೆ.

ನನ್ನ ಮಾತು ಕೇಳಿ ಅಜ್ಜಿ ನನ್ನ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಒದ್ದೆ ಬಟ್ಟೆಯನ್ನು ಡ್ರೈಯರಿಗೆ ಹಾಕುತ್ತ, "ನನ್ನ ಅಕ್ಕನನ್ನು ಕಣ್ಣಿಗೋಸ್ಕರ ಹಡಗು ಹತ್ತಿಸಲಿಲ್ಲ," ಎಂದರು. "ಅವಳಿಗೆ ಆಗ ಐದು ವರ್ಷ."

ಅವರಿಗೆ ಅಕ್ಕ ಇದ್ದ ವಿಷಯವೇ ನನಗೆ ಗೊತ್ತಿರಲಿಲ್ಲ. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಅವತ್ತು ಅವರು ಹೇಳಿದ್ದು ಇದು.

ಅವರ ತಂದೆತಾಯಿ ನಾರ್ವೆಯ ಕರಾವಳಿಯವರು. ಬೆಟ್ಟ, ನೀರು, ಇವೆರಡರ ನಡುವೆ ಚೂರು ಜಾಗದಲ್ಲಿ ಮನೆ. ಮಕ್ಕಳಿಗೆ ಹಂಚಿಕೊಡುವಷ್ಟು ನೆಲವಿರಲಿಲ್ಲ. ಅಮೆರಿಕದ ಡಕೋಟಾದಲ್ಲಿ ಉಳುವವರಿಗೆ ಸರಕಾರ ನೆಲ ಕೊಡುತ್ತದೆ ಎಂದು ಕೇಳಿ, ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ಇದ್ದದ್ದನ್ನೆಲ್ಲ ಮಾರಿ ಬಂದರಿಗೆ ಬಂದರು. ಜೊತೆಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಡಗು ಹತ್ತುವ ಮುಂಚೆ ಅಲ್ಲಿಯ ವೈದ್ಯ ಒಬ್ಬೊಬ್ಬರ ಕಣ್ಣುರೆಪ್ಪೆ ಮೇಲೆತ್ತಿ ನೋಡಿದ. ಹುಡುಗಿಯ ರೆಪ್ಪೆಯೊಳಗೆ ಗುಳ್ಳೆಗಳಿದ್ದವು. ಅದು ಅಂಟುವ ಬೇನೆ, ಆ ದಡದಲ್ಲಿ ಇಳಿಸಿಕೊಳ್ಳುವುದಿಲ್ಲ, ಹತ್ತಿಸಬೇಡಿ ಎಂದುಬಿಟ್ಟ. ಸಾಮಾನೆಲ್ಲ ಆಗಲೇ ಹಡಗಿನ ಹೊಟ್ಟೆ ಸೇರಿತ್ತು. ಹಿಂದಿರುಗಿ ಹೋಗಲು ಮನೆಯಿರಲಿಲ್ಲ. ಬೀಳ್ಕೊಡಲು ಬಂದಿದ್ದ ದೊಡ್ಡಮ್ಮ ಹುಡುಗಿಯ ಕೈ ಹಿಡಿದು, "ಇವಳು ನನ್ನ ಹತ್ತಿರ ಇರಲಿ, ಕಣ್ಣು ವಾಸಿಯಾದ ಮೇಲೆ ಕಳಿಸುತ್ತೇನೆ, ನೀವು ಹೋಗಿ ಮನೆ ಕಟ್ಟಿರಿ," ಎಂದಳು. ಹಾಗೆ ಅವರು ಹೊರಟರು.

"ಡಕೋಟಾದಲ್ಲಿ ಮನೆ ಕಟ್ಟಲು ಮರವೇ ಇರಲಿಲ್ಲ," ಎಂದರು ಅಜ್ಜಿ. "ನೋಡಿದಷ್ಟು ದೂರ ಹುಲ್ಲು. ಹುಲ್ಲನ್ನು ಬೇರು, ಮಣ್ಣು ಸಮೇತ ಇಟ್ಟಿಗೆ ಹಾಗೆ ಕತ್ತರಿಸಿ ಗೋಡೆ ಏಳಿಸಿದರು. ಮಳೆ ನಿಂತ ಮೇಲೂ ಚಾವಣಿ ಸೋರುತ್ತಿತ್ತು. ಅಮ್ಮ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಗಂಜಿ ತಿರುವುತ್ತಿದ್ದಳಂತೆ. ನನ್ನ ಅಣ್ಣಂದಿರು ಅದನ್ನು ನಗುತ್ತ ಹೇಳೋರು. ಅಮ್ಮ ನಗುತ್ತಿರಲಿಲ್ಲ."

ಅಮ್ಮನಿಗೆ ಅಲ್ಲಿಯ ಗಾಳಿ ಸೇರಲಿಲ್ಲವಂತೆ. ಬೇಸಿಗೆಯಲ್ಲೂ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಿದ್ದಳು. ಹಳ್ಳದ ದಂಡೆಯನ್ನು ಅಗೆದು ತಂದ ಕಲ್ಲಿದ್ದಲಿನಿಂದ ಒಲೆ ಉರಿಸುತ್ತಿದ್ದರು. ಎರಡು ಬೆಳೆ ಬರುವಷ್ಟರಲ್ಲಿ ಯುದ್ಧ ಶುರುವಾಯಿತು. ಯುದ್ಧ ಮುಗಿಯಿತು, ಮರದ ಮನೆಯೂ ಆಯಿತು, ಆಗ ಮಳೆ ಹೋಯಿತು. ಆ ಹೊತ್ತಿನಲ್ಲಿ ಇವರು ಹುಟ್ಟಿದರು. ತಾಯಿ ಇವರಿಗೆ ಬಂದರಿನಲ್ಲಿ ಬಿಟ್ಟುಬಂದ ಮಗಳ ಹೆಸರನ್ನೇ ಇಟ್ಟಳು.

"ಅದೇ ಹೆಸರಾ?" ಎಂದು ಕೇಳಿದೆ.

"ಅದೇ ಹೆಸರು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ನಾನು ಶಾಲೆಗೆ ಹೋಗುವಾಗ ದೊಡ್ಡ ಅಣ್ಣ ಹೇಳಿದ, ಅವಳನ್ನು ಕರೆಸಿಕೊಳ್ಳುವ ಆಸೆ ಬಿಟ್ಟಮೇಲೆ ಆ ಹೆಸರು ನಿನಗೆ ಕೊಟ್ಟರು ಅಂತ." ಅವರು ಮಡಿಸಿದ ಟವೆಲನ್ನು ಬಿಡಿಸಿ ಮತ್ತೆ ಮಡಿಸಿದರು. "ಅವಳ ಜಾಗಕ್ಕೆ ಬಂದವಳು ನಾನು ಅಂತ ನನಗೆ ಅವತ್ತೇ ಗೊತ್ತಾಯಿತು."

ಅವರಿಗೆ ಹದಿನಾಲ್ಕಾಗಿದ್ದಾಗ ತಾಯಿ ಹೋದರು. ತಾಯಿ ಕೊನೆಯವರೆಗೂ ನಾರ್ವೇಜಿಯನ್ ಬಿಟ್ಟು ಬೇರೆ ಮಾತಾಡಲಿಲ್ಲ. ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು, ಶಾಲೆಯಲ್ಲಿ ಮನೆಮಾತು ಆಡಿದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರಂತೆ. ತಂದೆ ಹಿರಿಯ ಮಗಳ ಸುದ್ದಿಯನ್ನು ಎಂದೂ ಎತ್ತಲಿಲ್ಲ. ಮುಂದೆ ಸುಗ್ಗಿಯ ಕೆಲಸಕ್ಕೆಂದು ಡಕೋಟಾಕ್ಕೆ ಬಂದಿದ್ದ ಕೆನಡಾದ ಹುಡುಗನನ್ನು ಮದುವೆಯಾಗಿ ಅವರು ಈ ಮನೆಗೆ ಬಂದರು.

ನಾನು ಅವ್ವನ ಚಿಂತೆಯನ್ನು ಅಷ್ಟು ಹೊತ್ತು ಮರೆತಿದ್ದೆ. ಮೇಲೆ ಹೋದ ಮೇಲೆ ಅದು ಇಮ್ಮಡಿಯಾಗಿ ಬಂತು. ವೈದ್ಯನೊಬ್ಬ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುವುದು, ಇನ್ನೊಬ್ಬ ವೈದ್ಯ ಮಗುವಿನ ರೆಪ್ಪೆ ಎತ್ತುವುದು, ಎರಡೂ ಕಣ್ಣ ಮುಂದೆ ಒಟ್ಟಿಗೇ ಬರತೊಡಗಿದವು.

ಆ ವರ್ಷ ಜೋಳ ಕೊಯ್ಯುವ ಹೊತ್ತಿಗೆ, ಒಂದು ಸಂಜೆ ನಾನು ಸ್ಟೇಷನ್ನಿನಿಂದ ಬರುವಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ಮಗಳಿಗೇನೋ ಆಯಿತೆಂದು ಓಡಿದೆ. ಮಗಳು ಒಳಗೆ ಬಣ್ಣ ಹಚ್ಚುತ್ತ ಕೂತಿದ್ದಳು. ವಿಷಯ ಬೇರೆ ಇತ್ತು. ಅಮೆರಿಕದಲ್ಲಿದ್ದ ಅವರ ಅಣ್ಣನ ಮಗ ಫೋನು ಮಾಡಿದ್ದನಂತೆ. ಅವನು ವಂಶವೃಕ್ಷ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಿದ್ದನ್ನು ನಾರ್ವೆಯಲ್ಲಿ ಯಾರೋ ನೋಡಿದ್ದರು. ಅಕ್ಕನ ಮಗಳು. ಅವಳು ಅಮೆರಿಕದ ನೆಂಟರನ್ನು ನೋಡಲು ಬರುತ್ತಿದ್ದಾಳೆ, ಹೋಗುವಾಗ ಟೊರಾಂಟೋದಲ್ಲಿ ಇಳಿದು ಚಿಕ್ಕಮ್ಮನನ್ನು ನೋಡಬೇಕು ಅನ್ನುತ್ತಿದ್ದಾಳೆ.

"ಒಳ್ಳೇದೇ ಆಯಿತಲ್ಲ," ಎಂದೆ.

"ಅವಳು ಯಾಕೆ ಬರುತ್ತಿದ್ದಾಳೆ?" ಎಂದರು ಅಜ್ಜಿ. "ನನ್ನ ಅಮ್ಮನನ್ನು ಯಾಕೆ ಬಿಟ್ಟುಹೋದಿರಿ ಅಂತ ಕೇಳಿದರೆ ನಾನು ಏನು ಹೇಳಲಿ? ಉತ್ತರ ಗೊತ್ತಿದ್ದವರೆಲ್ಲ ಸತ್ತುಹೋದರು."

ಅಕ್ಕ ಬದುಕಿದ್ದಾಳೋ ಇಲ್ಲವೋ ಎಂದು ಸೋದರಳಿಯನನ್ನು ಕೇಳಿದಿರಾ ಎಂದೆ. ಕೇಳಿರಲಿಲ್ಲ. ಧೈರ್ಯ ಬರಲಿಲ್ಲ ಎಂದರು. ಬೇಡ ಎಂದು ಹೇಳಿಸಿಬಿಡುತ್ತೇನೆ ಎಂದು ಎರಡು ಸಲ ಫೋನಿನ ಹತ್ತಿರ ಹೋಗಿ ಬಂದರು. ಕೊನೆಗೆ, "ಅವತ್ತು ನೀನು ನನ್ನ ಜೊತೆ ಕೂತಿರಬೇಕು. ಹೊರಗಿನವರು ಒಬ್ಬರಿದ್ದರೆ ಯಾರೂ ಜೋರು ಮಾತಾಡುವುದಿಲ್ಲ," ಎಂದರು. ನಾನು ಆಗಲಿ ಎಂದೆ.

ಅವಳು ಬಂದದ್ದು ಒಂದು ಭಾನುವಾರ ಬೆಳಗ್ಗೆ. ಐವತ್ತು ದಾಟಿದ ಹೆಂಗಸು, ಬೆನ್ನಿಗೆ ಚೀಲ, ಕೆಂಪು ಕೆನ್ನೆ. ತನ್ನ ಊರಿನಲ್ಲಿ ಬಸ್ಸು ಓಡಿಸುತ್ತಾಳಂತೆ. ಬಾಗಿಲು ತೆರೆದ ಕೂಡಲೆ ಅಜ್ಜಿಯ ಎರಡೂ ಭುಜ ಹಿಡಿದು ಮುಖವನ್ನೇ ನೋಡಿದಳು. ಅಜ್ಜಿ ಬಿಗಿಯಾಗಿ ನಿಂತೇ ಇದ್ದರು. ನಾನು ಸುಮ್ಮನೆ ಒಗ್ಗರಣೆ ಅವಲಕ್ಕಿಯ ಬೋಗುಣಿಯನ್ನು ಟೇಬಲ್ಲಿನ ಮೇಲಿಟ್ಟೆ. ಅವಳು ಚೀಲದಿಂದ ಕಂದು ಬಣ್ಣದ ಚೀಸಿನ ಗಟ್ಟಿಯೊಂದನ್ನು ತೆಗೆದು ತೆಳ್ಳಗೆ ಕೊಯ್ದು ಎಲ್ಲರಿಗೂ ಕೊಟ್ಟಳು. ನಾನು ಬಾಯಿಗಿಟ್ಟುಕೊಂಡೆ. ಧಾರವಾಡ ಪೇಢೆಗೆ ಉಪ್ಪು ಹಾಕಿದ ಹಾಗಿತ್ತು. ಅಜ್ಜಿ ಮುಟ್ಟಲಿಲ್ಲ. ಚಹಾ ಆರುವವರೆಗೂ ಹವಾಮಾನ, ವಿಮಾನ ಎಂದು ಮಾತು ಸಾಗಿಸಿ, ಆಮೇಲೆ ತಡೆಯಲಾರದೆ ಕೇಳಿದರು:

"ನಿನ್ನ ಅಮ್ಮ ನಮ್ಮ ವಿಷಯ ಏನು ಹೇಳುತ್ತಿದ್ದಳು?"

"ಹೇಳುತ್ತಿದ್ದಳು ಅಂತ ಯಾಕೆ? ಈಗಲೂ ಹೇಳುತ್ತಾಳೆ," ಎಂದಳು ಅವಳು. "ಮೊಣಕಾಲು ನೋವು ಅಷ್ಟೆ. ಬಾಯಿ ಚೆನ್ನಾಗಿದೆ."

ಅಜ್ಜಿ ಕೈಲಿದ್ದ ಕಪ್ಪನ್ನು ಕೆಳಗಿಟ್ಟರು.

ಆಮೇಲಿನ ಮಾತೆಲ್ಲ ಅವಳದೇ. ಅವಳ ಇಂಗ್ಲಿಷು ನಿಧಾನ, ಸ್ಪಷ್ಟ. ಅಕ್ಕನ ಕಣ್ಣು ಒಂದು ವರ್ಷದೊಳಗೇ ವಾಸಿಯಾಯಿತಂತೆ. ಅಷ್ಟರಲ್ಲಿ ಯುದ್ಧ ಬಂದು ಸಮುದ್ರದಲ್ಲಿ ಹಡಗುಗಳು ಮುಳುಗತೊಡಗಿದವು. ಒಂಟಿ ಮಗುವನ್ನು ಯಾರು ಕಳಿಸುತ್ತಾರೆ? ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಹುಡುಗಿಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ, ಸ್ವಲ್ಪ ಮುದ್ದು ಜಾಸ್ತಿಯೇ ಆಯಿತು.

"ಅಮ್ಮನಿಗೆ ಹದಿನಾರು ತುಂಬಿದಾಗ ಟಿಕೆಟ್ಟು ಬಂತು," ಎಂದಳು.

"ಯಾವ ಟಿಕೆಟ್ಟು?"

"ಹಡಗಿನ ಟಿಕೆಟ್ಟು. ಅಮೆರಿಕಕ್ಕೆ ಬಾ ಅಂತ. ನಿಮ್ಮ ತಾಯಿ ಕಳಿಸಿದ್ದು."

ಅಜ್ಜಿ ನನ್ನ ಕಡೆ ನೋಡಿದರು. ತಾವು ಕೇಳಿಸಿಕೊಂಡದ್ದು ಸರಿಯೇ ಎಂದು ವಿಚಾರಿಸುವ ಹಾಗಿತ್ತು ಆ ನೋಟ. ನಾನು ತಲೆಯಾಡಿಸಿದೆ.

"ನಿಮಗೆ ಗೊತ್ತಿಲ್ಲವಾ?" ಎಂದಳು ಅವಳು. "ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಮ್ಮನನ್ನು ಸಾಕಿದ ದೊಡ್ಡಜ್ಜಿ ಅದನ್ನು ಟೇಬಲ್ಲಿನ ಮೇಲಿಟ್ಟು, ನೀನೇ ಯೋಚನೆ ಮಾಡು ಅಂತ ಹೇಳಿ ಹಾಲು ಕರೆಯಲು ಹೋದಳಂತೆ. ನನ್ನಮ್ಮ ಕೇಳಿದ್ದು ಒಂದೇ, ಡಕೋಟಾದಲ್ಲಿ ಸಮುದ್ರ ಇದೆಯಾ ಅಂತ. ಇಲ್ಲ ಅಂದರು. ಹಾಗಾದರೆ ನಾನು ಹೋಗುವುದಿಲ್ಲ ಅಂದಳು. ಅದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣ, ದೋಣಿ ಕಟ್ಟುವ ಹುಡುಗನೊಬ್ಬ. ನನ್ನ ಅಪ್ಪ."

ಟಿಕೆಟ್ಟನ್ನು ವಾಪಸ್ಸು ಕಳಿಸಿದರಂತೆ. ಇಲ್ಲಿ ಸುಖವಾಗಿದ್ದೇನೆ, ಬರುವುದಿಲ್ಲ, ಸಿಟ್ಟಾಗಬೇಡಿ ಎಂದು ಹೇಳಿ ಕಳಿಸಿದ್ದಕ್ಕೆ, ಸಿಟ್ಟಿಲ್ಲ, ನಿನ್ನ ಇಷ್ಟದಂತೆ ಇರು ಎಂದು ತಾಯಿಯಿಂದ ಉತ್ತರ ಬಂತಂತೆ.

ಅಜ್ಜಿ ಎದ್ದು ಕಿಟಕಿಯ ಹತ್ತಿರ ಹೋದರು. ನಮಗೆ ಬೆನ್ನು ತಿರುಗಿಸಿ ನಿಂತು, ಯಾರಿಗೋ ಹೇಳುವಂತೆ ಹೇಳಿದರು: "ಒಂದು ವಸಂತದಲ್ಲಿ ಅಮ್ಮ ಅಟ್ಟದ ಕೋಣೆಯಲ್ಲಿ ಹೊಸ ಮಂಚ ಹಾಕಿಸಿದಳು. ನಾನು ಆಗ ತೀರ ಸಣ್ಣವಳು. ಅದರ ಮೇಲೆ ಹತ್ತಿದರೆ ಇಳಿಸುತ್ತಿದ್ದಳು. ಬೇಸಿಗೆ ಕಳೆದ ಮೇಲೆ ಒಂದು ದಿನ, ಇನ್ನು ನೀನೇ ಇದರಲ್ಲಿ ಮಲಗು ಅಂದಳು. ಮದುವೆಯಾಗುವವರೆಗೂ ನಾನು ಅದರಲ್ಲೇ ಮಲಗಿದೆ. ಅದು ಯಾರಿಗೆ ಮಾಡಿಸಿದ ಮಂಚ ಅಂತ ನಾನು ಯೋಚಿಸಿಯೇ ಇರಲಿಲ್ಲ."

ಅಕ್ಕನ ಮಗಳು ಹೋಗಿ ಅವರ ಪಕ್ಕದಲ್ಲಿ ನಿಂತಳು.

"ಅಮ್ಮ ಕರೆದಿದ್ದಳು," ಎಂದರು ಅಜ್ಜಿ. "ಬಿಟ್ಟುಬಿಟ್ಟಿರಲಿಲ್ಲ. ಕರೆದಿದ್ದಳು."

"ಕರೆದಿದ್ದಳು. ನನ್ನಮ್ಮನೇ ಬೇಡ ಅಂದಳು."

ಆಗ ಅಜ್ಜಿ ಹೆಸರಿನ ವಿಷಯ ಎತ್ತಿದರು. ಬದುಕಿರುವ ಮಗಳ ಹೆಸರನ್ನು ಇನ್ನೊಂದು ಮಗುವಿಗೆ ಇಡುತ್ತಾರಾ? ಅವಳಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಯಾಕೆ ಇಡಬಾರದು? ನಿಮ್ಮ ಇಬ್ಬರು ಅಜ್ಜಿಯರ ಹೆಸರೂ ಒಂದೇ ಆಗಿತ್ತಲ್ಲ. ದೊಡ್ಡವಳಿಗೆ ತಂದೆಯ ತಾಯಿಯ ಹೆಸರು. ನಿಮಗೆ ತಾಯಿಯ ತಾಯಿಯ ಹೆಸರು. ಹಳೇ ಕಾಲದಲ್ಲಿ ಒಂದೇ ಮನೆಯಲ್ಲಿ ದೊಡ್ಡ, ಚಿಕ್ಕ ಅಂತ ಸೇರಿಸಿ ಕರೆಯುತ್ತಿದ್ದರು. ಅಮ್ಮ ನಿಮ್ಮನ್ನು ಈಗಲೂ ಚಿಕ್ಕವಳು ಅಂತಲೇ ಅನ್ನುವುದು," ಎಂದಳು.

ಅಜ್ಜಿಗೆ ತಂದೆಯ ತಾಯಿಯ ಹೆಸರು ಮಾತ್ರ ಗೊತ್ತಿತ್ತಂತೆ. ತಾಯಿಯ ಕಡೆಯವರ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅಣ್ಣ, ಅವನೂ ಆಗ ಹುಡುಗನೇ, ಟಿಕೆಟ್ಟಿನ ಸುದ್ದಿ ತಿಳಿಯದೆ ತನಗೆ ತೋಚಿದ್ದನ್ನು ಹೇಳಿದ್ದ. ಅದನ್ನು ಇವರು ಇಷ್ಟು ವರ್ಷ ನಂಬಿಕೊಂಡು ಬಂದಿದ್ದರು.

ನನಗೆ ಸುಮ್ಮನಿರಲು ಆಗಲಿಲ್ಲ. ನಮ್ಮ ಮನೆಯಲ್ಲೂ ಹಾಗೇ, ಅಜ್ಜನ ಹೆಸರಿನವರು ನಾಲ್ಕು ಜನ ಇದ್ದಾರೆ, ಒಬ್ಬ ಕರಿಯ, ಒಬ್ಬ ಕನ್ನಡಕ ಹಾಕುವ ಚಾಳೀಸಿನವ, ಒಬ್ಬ ಬೆಳಗಾವಿಯವ, ಇನ್ನೊಬ್ಬ ಬರೀ ಸಣ್ಣವ ಎಂದು ಹೇಳಿದೆ. ಅಜ್ಜಿ ನಗತೊಡಗಿದರು. ಅಷ್ಟೇನೂ ನಗುವಂಥ ಮಾತಲ್ಲ ಅದು. ಆದರೆ ಅವರು ಕಣ್ಣು ಒರೆಸಿಕೊಳ್ಳುತ್ತ, ಕುರ್ಚಿ ಹಿಡಿದುಕೊಂಡು, ನಿಲ್ಲಿಸಲಾರದೆ ನಕ್ಕರು. ಆಮೇಲೆ ಕೂತು ಚೀಸು ತಿಂದರು, ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡರು.

"ಈಗ ಅಲ್ಲಿ ಸಂಜೆ," ಎಂದಳು ಅಕ್ಕನ ಮಗಳು. "ಫೋನು ಮಾಡೋಣ."

ನಾನು ಮೇಲೆ ಓಡಿಹೋಗಿ, ಧಾರವಾಡಕ್ಕೆ ಮಾತಾಡಲು ಇಂಡಿಯನ್ ಅಂಗಡಿಯಲ್ಲಿ ತಂದಿದ್ದ ಕಾಲಿಂಗ್ ಕಾರ್ಡು ತಂದೆ. ನಾರ್ವೆಗೂ ಅದು ನಡೆಯುತ್ತಿತ್ತು. ಮೊದಲು ಅಕ್ಕನ ಮಗಳು ತನ್ನ ತಾಯಿಯ ಜೊತೆ ಮಾತಾಡಿ ಫೋನನ್ನು ಅಜ್ಜಿಯ ಕೈಗೆ ಕೊಟ್ಟಳು. ಎದುರಿಗೆ ಕೂತ ನಮಗೂ ಕೇಳುವಷ್ಟು ಗಟ್ಟಿ ದನಿಯಲ್ಲಿ ಆ ಕಡೆಯಿಂದ "ಲಿಲ್ಲೆ" ಎಂದು ಕೂಗಿದ್ದು ಕೇಳಿಸಿತು.

"ಚಿಕ್ಕವಳೇ ಅಂತಿದ್ದಾಳೆ," ಎಂದು ಅಕ್ಕನ ಮಗಳು ನನಗೆ ಪಿಸುಗುಟ್ಟಿದಳು.

ಅಕ್ಕನಿಗೆ ಇಂಗ್ಲಿಷು ಬಾರದು. ಅಜ್ಜಿಗೆ ನಾರ್ವೇಜಿಯನ್ನಿನಲ್ಲಿ ನೆನಪಿದ್ದದ್ದು ಅಡುಗೆಮನೆಯ ನಾಲ್ಕು ಮಾತು. ಅವರು ಅವನ್ನೇ ಹೇಳಿದರು. ಹಾಲು. ರೊಟ್ಟಿ. ಆಲೂಗಡ್ಡೆ. ಒಂದೊಂದು ಮಾತಿಗೂ ಆ ಕಡೆಯಿಂದ ಹೂಂ, ಹೂಂ ಎಂದು ಕೇಳುತ್ತಿತ್ತು. ಗೊತ್ತಿದ್ದ ಮಾತು ಮುಗಿದ ಮೇಲೆ ಅಜ್ಜಿ ಊಟಕ್ಕೆ ಮುಂಚೆ ತಾಯಿ ಹೇಳಿಸುತ್ತಿದ್ದ ಪ್ರಾರ್ಥನೆಯನ್ನು ಶುರುಮಾಡಿದರು. ಎರಡನೆಯ ಸಾಲಿಗೆ ಅಕ್ಕನ ದನಿಯೂ ಸೇರಿತು. ಇಬ್ಬರೂ ಒಟ್ಟಿಗೆ ಕೊನೆಯವರೆಗೂ ಹೇಳಿದರು. ಮಧ್ಯದಲ್ಲಿ ಎಲ್ಲೂ ತಪ್ಪಲಿಲ್ಲ.

ಹೊರಗೆ ಉಯ್ಯಾಲೆಯಲ್ಲಿದ್ದ ಮಗಳು ಒಳಗೆ ಬಂದು, "Why is Grandma crying?" ಎಂದು ಕೇಳಿದಳು. ಅಳುವಂಥದ್ದೇನೂ ಆಗಿಲ್ಲ, ಸಮಾಧಾನ ಆಗಿದೆ ಅವರಿಗೆ ಎಂದೆ. ಅವಳು ಅದನ್ನು ಒಪ್ಪಿಕೊಂಡು ಮತ್ತೆ ಉಯ್ಯಾಲೆಗೆ ಹೋದಳು.

ಅವತ್ತು ರಾತ್ರಿ ಊಟ ಮಾಡುವಾಗ ನಾನು ಗಂಡನಿಗೆ ಎಲ್ಲ ಹೇಳಿದೆ. ಅವರು ಕೇಳಿ, "ನಿಮ್ಮ ಅವ್ವನಿಗೆ ಇಲ್ಲಿ ಬಂದು ಇರಬೇಕು ಅನಸ್ತೈತೇನು? ಯಾರಾರ ಕೇಳೀರೇನು?" ಎಂದರು. ಯಾರೂ ಕೇಳಿರಲಿಲ್ಲ. ಅಪ್ಪ ಹೋದ ಮೇಲೆ ಅಣ್ಣನಿಗೆ ಊರಿಂದೂರಿಗೆ ವರ್ಗ, ಅವ್ವ ಇಲ್ಲಿಗೆ ಬರುವುದೇ ಸರಿ ಎಂದು ಅಣ್ಣ, ನಾನು ಮಾತಾಡಿಕೊಂಡಿದ್ದೆವು. ಅವ್ವ ಹೂಂ ಅಂದಿದ್ದಳು.

ಮುಂದಿನ ವಾರ ಫೋನು ಮಾಡಿದಾಗ ಕೇಳಿದೆ. "ಯವ್ವಾ, ಖರೇ ಹೇಳು. ನಿನಗ ಇಲ್ಲೇ ಬಂದು ಇರಬೇಕು ಅನಸ್ತೈತೇನು?"

ಅವ್ವ ಯಾರಿಗೋ ಬಾಗಿಲು ಹಾಕು ಎಂದದ್ದು ಕೇಳಿಸಿತು.

"ನೋಡವಾ," ಎಂದಳು ಅವ್ವ. "ನಿನ್ನ ನೋಡಬೇಕು, ಮೊಮ್ಮಗಳನ್ನ ಆಡಿಸಬೇಕು ಅಂತ ಭಾಳ ಐತಿ. ಆದ್ರ ಅಲ್ಲೇ ಕುಂತು ನಾ ಏನ್ ಮಾಡ್ಲಿ? ಇಲ್ಲೆ ಸಂಜಿಕೆ ಹುಡುಗೂರು ಪಾಠಕ್ಕ ಬರ್ತಾವ. ಭಜನಿ ಮಂದಿ ಅದಾರ. ಓಣಿಯೊಳಗ ನಾ ಇಲ್ಲಂದ್ರ ಒಂದ್ ಕೆಲಸ ಆಗಂಗಿಲ್ಲ. ನೀವಿಬ್ಬರೂ ಅಷ್ಟ್ ಜೀವಾ ಬಿಡಾಕತ್ತಿದ್ರಿ ಅಂತ ಹೂಂ ಅಂದೆ."

"ಹಂಗಾದ್ರ ಬ್ಯಾಸಗಿಗೆ ಬಂದು ಹೋಗ್ತೀಯೇನು?"

"ಬರ್ತೇನಿ. ಥಂಡಿ ಶುರುವಾಗೂದ್ರೊಳಗ ಕಳಿಸಿಬಿಡು."

ಅವಳ ದನಿ ಎಷ್ಟು ಹಗುರಾಗಿತ್ತೆಂದರೆ, ಇಷ್ಟು ತಿಂಗಳು ಅವಳ ಎದೆಯ ಮೇಲೂ ಇದೊಂದು ಭಾರವಾಗಿ ಕೂತಿತ್ತೆಂದು ನನಗೆ ಆಗ ತಿಳಿಯಿತು. ದೊಡ್ಡ ಅರ್ಜಿಯನ್ನು ನಾವು ಹಿಂದಕ್ಕೆ ತೆಗೆದುಕೊಂಡೆವು. ಅಣ್ಣ ಸುಮ್ಮನಿರಲಾರದೆ ಎರಡನೆಯ ಎಕ್ಸ್‌ರೇಯನ್ನೂ ತೆಗೆಸಿದ. ಹಳೆಯ ಕಲೆಯೇ, ಏನೂ ಇಲ್ಲ ಎಂದರು.

ಮರುವರ್ಷ ಮೇ ತಿಂಗಳಲ್ಲಿ ಅವ್ವ ಪ್ರವಾಸದ ವೀಸಾದ ಮೇಲೆ ಬಂದಳು. ಬಂದ ಮಾರನೆಯ ದಿನವೇ ಹಿತ್ತಲಿಗಿಳಿದು ಕೆಳಗಿನ ಅಜ್ಜಿಯ ಮಡಿಗಳನ್ನು ನೋಡಿ, "ಮೆಂತ್ಯ ಹಾಕಬೇಕಿತ್ತು," ಎಂದಳು. ಅವರಿಗೆ ಕನ್ನಡ ಬಾರದು, ಇವಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಿಗಿಂತ ಹೆಚ್ಚು ಬಾರದು. ಆದರೂ ವಾರದೊಳಗೆ ಮೆಂತ್ಯ ಬಿತ್ತನೆಯಾಗಿತ್ತು.

ಆ ಜುಲೈಯಲ್ಲಿ ಕೆಳಗಿನ ಅಜ್ಜಿ ನಾರ್ವೆಗೆ ಹೊರಟರು. ಅಕ್ಕನಿಗೆ ತೊಂಬತ್ತು ತುಂಬುತ್ತಿತ್ತು. ಅದುವರೆಗೆ ಅವರು ವಿಮಾನ ಹತ್ತಿದವರಲ್ಲ. ಹಿತ್ತಲನ್ನು ಅವ್ವನಿಗೆ ಒಪ್ಪಿಸಿ, ನೀರು ಹಾಕುವ ಪೈಪನ್ನು ಕೈಸನ್ನೆಯಲ್ಲೇ ತೋರಿಸಿ ಹೋದರು. ಅವರು ತಿರುಗಿ ಬರುವ ದಿನ ವಿಮಾನನಿಲ್ದಾಣಕ್ಕೆ ನಾವು ಮೂವರೂ ಹೋದೆವು, ನಾನು, ಅವ್ವ, ಮಗಳು. ತಳ್ಳುಗಾಡಿ ದೂಡಿಕೊಂಡು ಬಂದ ಅಜ್ಜಿಯ ಮುಖ ಬಿಸಿಲಿಗೆ ಕೆಂಪಾಗಿತ್ತು. ಮೈಮೇಲೆ ಹೊಸದಾಗಿ ಹೆಣೆದ ಉಣ್ಣೆಯ ಅಂಗಿ, ಆ ಸೆಕೆಯಲ್ಲಿ.

"ಬಿಚ್ಚಬಾರದಂತೆ, ಥಂಡಿಯಾಗುತ್ತದಂತೆ," ಎಂದು ಕಾರಿನಲ್ಲಿ ಕೂರುತ್ತ ಹೇಳಿದರು. "ಅಕ್ಕನದು ಇಡೀ ಹೊತ್ತು ಹೀಗೇ. ತಲೆ ಬಾಚಿಕೋ, ಇನ್ನೊಂದು ಮೀನು ತಿನ್ನು, ದಡದ ಹತ್ತಿರ ಹೋಗಬೇಡ. ನಾನು ಚಿಕ್ಕವಳಂತೆ."

ಏನೇನು ಮಾತಾಡಿದಿರಿ ಎಂದು ಕೇಳಿದೆ.

"ಹೆಚ್ಚೇನೂ ಇಲ್ಲ. ಮನೆ ಮುಂದೆ ಬೆಂಚು ಹಾಕಿದ್ದಾರೆ. ಅಲ್ಲಿ ಕೂತು ದೋಣಿ ನೋಡುತ್ತಿದ್ದೆವು." ಅಂಗಿಯ ತೋಳನ್ನು ಮೇಲೆ ಸರಿಸುತ್ತ, "ಅವಳು ಯಾಕೆ ಬರಲಿಲ್ಲ ಅಂತ ಗೊತ್ತಾಯಿತು. ನಾನಾಗಿದ್ದರೂ ಬರುತ್ತಿರಲಿಲ್ಲ," ಎಂದರು.

ಹೈವೇಯಲ್ಲಿ ಸಾಲುಗಟ್ಟಿದ ಲಾರಿಗಳಿದ್ದವು. ಹಿತ್ತಲಿನಲ್ಲಿ ಬೀನ್ಸು ಎಷ್ಟು ಬಂದಿದೆ ಎಂದು ಹೇಳಬೇಕೆಂದು ನಾನು ಪಕ್ಕಕ್ಕೆ ತಿರುಗಿದರೆ ಅವರು ಬಾಯಿ ತುಸು ತೆರೆದು ನಿದ್ದೆಹೋಗಿದ್ದರು. ಹಿಂದೆ ಕೂತಿದ್ದ ಅವ್ವ ಮುಂದೆ ಬಾಗಿ ನೋಡಿದಳು.

"ಮಲಗಲಿ ಬಿಡು," ಎಂದಳು. "ಮನಿ ಬರೂತನಕ ಎಬ್ಬಸಬ್ಯಾಡ."